ಇಂಗ್ಲಿಷ್ ಕಲಿಯಲು ಎಷ್ಟು ಮೆಟ್ಟಿಲು?

ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಿಗೆ ಅರ್ಜಿ ತುಂಬುವವರಿಗೆ ಒಂದು ಪ್ರಶ್ನೆ ಎದುರಾಗುತ್ತದೆ: ಇಂಗ್ಲಿಷಿನಲ್ಲಿ ಓದುವುದು, ಬರೆಯುವುದು ನಿಮಗೆ ಸಲೀಸೇ? ಗಂಡನ ಎಚ್-1ಬಿ ಕೆಲಸದ ಜೊತೆಗೆ ಎಚ್-4 ವೀಸಾದಲ್ಲಿ ಅಲ್ಲಿಗೆ ಹೋದ ನಮ್ಮ ಕಡೆಯ ಹೆಣ್ಣುಮಕ್ಕಳು ಇಲ್ಲಿ ಸ್ವಲ್ಪ ತಡವರಿಸುತ್ತಾರೆ. ಹಾಸನದಲ್ಲೋ ಶಿವಮೊಗ್ಗದಲ್ಲೋ ಬಿ.ಎಸ್ಸಿ. ಮುಗಿಸಿದವರು, ಮೂರು ವರ್ಷ ಇಂಗ್ಲಿಷಿನಲ್ಲೇ ಪರೀಕ್ಷೆ ಬರೆದು ಪಾಸಾದವರು 'ಹೌದು' ಎನ್ನದೆ ಇನ್ನೇನು ಹೇಳಿಯಾರು? ಆದರೆ ಮಗುವಿನ ಟೀಚರ್ ಫೋನ್ ಮಾಡಿದಾಗ ಅದನ್ನು ಗಂಡನ ಕೈಗೆ ದಾಟಿಸಿದ್ದೂ ಒಳಗೆಲ್ಲೋ ಚುಚ್ಚುತ್ತಿರುತ್ತದೆ. ಬಹಳಷ್ಟು ಮಂದಿ 'ಹೌದು' ಎಂದೇ ಒತ್ತುತ್ತಾರೆ. 'ಇಲ್ಲ' ಎನ್ನುವ ಧೈರ್ಯ ಮಾಡಿದವರಿಗೆ ಇ.ಎಸ್.ಎಲ್. ಎಂಬ ವಿಭಾಗದ ದಾರಿ ತೆರೆಯುತ್ತದೆ. ಇಂಗ್ಲಿಷ್ ಆ್ಯಸ್ ಎ ಸೆಕೆಂಡ್ ಲ್ಯಾಂಗ್ವೇಜ್, ಅಂದರೆ ಮನೆಮಾತು ಬೇರೆ ಇರುವವರಿಗೆ ಕಾಲೇಜು ಕಲಿಸುವ ಇಂಗ್ಲಿಷ್.

ಇಂಗ್ಲಿಷ್ ವಿಭಾಗ ಎಂದರೆ ನಮಗೆ ಶೇಕ್ಸ್‌ಪಿಯರ್, ವರ್ಡ್ಸ್‌ವರ್ತ್. ಅಲ್ಲಿ ಅದು ಬೇರೆ, ಇದು ಬೇರೆ. ಇ.ಎಸ್.ಎಲ್. ವಿಭಾಗಕ್ಕೆ ಅದರದೇ ಲೆಕ್ಚರರು, ಅದರದೇ ಪಠ್ಯಕ್ರಮ, ಅದರದೇ ರಾಜಕೀಯ. ಕ್ಯಾಲಿಫೋರ್ನಿಯಾದಲ್ಲಿ 116 ಕಮ್ಯುನಿಟಿ ಕಾಲೇಜುಗಳಿವೆ. ಎರಡು ವರ್ಷದ ಪದವಿ ಕೊಡುವ, ಹದಿನೆಂಟು ದಾಟಿದ ಯಾರನ್ನೂ ಅಂಕಪಟ್ಟಿ ಕೇಳದೆ ಸೇರಿಸಿಕೊಳ್ಳುವ ಸರ್ಕಾರಿ ಕಾಲೇಜುಗಳು ಇವು. ಇಲ್ಲಿ ಎರಡು ವರ್ಷ ಓದಿ ಬರ್ಕ್ಲಿಯಂಥ ವಿಶ್ವವಿದ್ಯಾಲಯದ ಮೂರನೇ ವರ್ಷಕ್ಕೆ ನೇರ ಸೇರಬಹುದು. ವಲಸಿಗರ ನಾಡಾದ್ದರಿಂದ ಬಹುಪಾಲು ಎಲ್ಲ ಕಡೆಯೂ ಇ.ಎಸ್.ಎಲ್. ಇದೆ. ಕ್ಯುಪರ್ಟಿನೊದ ಡಿ ಆಂಜಾ, ಫ್ರೀಮಾಂಟಿನ ಒಲೋನಿ, ಸಾಂಟಾ ಕ್ಲಾರಾದ ಮಿಷನ್ ಕಾಲೇಜು ಕನ್ನಡಿಗರ ಮನೆಗಳಿಂದ ಕಾರಿನಲ್ಲಿ ಹತ್ತು-ಇಪ್ಪತ್ತು ನಿಮಿಷದ ದಾರಿ.

ಗೊಂದಲ ಇರುವುದು ಕಾಲೇಜಿನ ಒಳಗೆ. ಒಂದೇ ವಿಷಯವನ್ನು ಅಲ್ಲಿ ಎರಡು ಬಗೆಯಲ್ಲಿ ಕಲಿಸುತ್ತಾರೆ. ನಾನ್-ಕ್ರೆಡಿಟ್ ತರಗತಿಗೆ ಫೀಸಿಲ್ಲ, ಪದವಿಗೆ ಲೆಕ್ಕವೂ ಇಲ್ಲ. ದಿನಬಳಕೆಯ ಮಾತು, ಕೆಲಸದ ಸಂದರ್ಶನ, ಪೌರತ್ವದ ಪರೀಕ್ಷೆ ಇಂಥವಕ್ಕೆ ಅದು ಸಾಕು. ಕ್ರೆಡಿಟ್ ತರಗತಿಗೆ ರಾಜ್ಯದ ನಿವಾಸಿಗಳು ಯೂನಿಟ್ಟಿಗೆ 46 ಡಾಲರ್ ಕೊಡಬೇಕು. ಈ ದರ 2012ರಿಂದ ಬದಲಾಗಿಲ್ಲ. ಐದು ಯೂನಿಟ್ಟಿನ ಒಂದು ಕೋರ್ಸಿಗೆ 230 ಡಾಲರ್ ಆಯಿತು, ವರಮಾನ ಕಡಿಮೆ ಇದ್ದವರಿಗೆ ಅದೂ ಮಾಫಿ. ಇವೆರಡರ ಹೊರಗೆ, ಕಾಲೇಜಿಗೂ ಸಂಬಂಧವಿಲ್ಲದ 'ಅಡಲ್ಟ್ ಸ್ಕೂಲ್' ಎಂಬ ಮೂರನೆಯದು ಇದೆ. ಅದನ್ನು ನಡೆಸುವುದು ಮಕ್ಕಳ ಶಾಲೆಗಳನ್ನು ನೋಡಿಕೊಳ್ಳುವ ಸ್ಕೂಲ್ ಡಿಸ್ಟ್ರಿಕ್ಟುಗಳು. ಇವುಗಳ ನಡುವಿನ ವ್ಯತ್ಯಾಸ ಯಾರೂ ಹೇಳದ ಕಾರಣ ಕ್ರೆಡಿಟ್ ಬೇಕಿದ್ದವರು ಪುಕ್ಕಟೆ ತರಗತಿಯಲ್ಲಿ ವರ್ಷ ಕಳೆಯುವುದೂ, ಮಾತು ಕಲಿತರೆ ಸಾಕಿದ್ದವರು ದುಡ್ಡು ಕೊಟ್ಟು ಪ್ರಬಂಧ ಬರೆಯುತ್ತ ಕೂರುವುದೂ ಉಂಟು.

ವೀಸಾದ ಮಾತನ್ನೂ ಇಲ್ಲೇ ಮುಗಿಸಿಬಿಡುತ್ತೇನೆ. ಎಚ್-4 ಇದ್ದವರು ಧಾರಾಳವಾಗಿ ಓದಬಹುದು. ಕ್ಯಾಲಿಫೋರ್ನಿಯಾದಲ್ಲಿ ಒಂದು ವರ್ಷ ಒಂದು ದಿನ ನೆಲೆಸಿದ್ದಕ್ಕೆ ದಾಖಲೆ ತೋರಿಸಿದರೆ ಅವರಿಗೂ ನಿವಾಸಿಗಳ ಫೀಸೇ ಅನ್ವಯಿಸುತ್ತದೆ, ಅದಕ್ಕೆ ಮೊದಲಾದರೆ ಹಲವು ಪಟ್ಟು ಹೆಚ್ಚು. ಎಫ್-1 ವಿದ್ಯಾರ್ಥಿ ವೀಸಾದವರಿಗೆ ಎಷ್ಟು ವರ್ಷ ಇದ್ದರೂ ಆ ರಿಯಾಯಿತಿ ಇಲ್ಲ. ಬರೀ ಇಂಗ್ಲಿಷ್ ಕಲಿಯಲೆಂದೇ ಎಫ್-1ನಲ್ಲಿ ಹೋಗುವವರು ವಾರಕ್ಕೆ ಕನಿಷ್ಠ 18 ಗಂಟೆ ತರಗತಿಯಲ್ಲಿ ಕೂರಬೇಕು. 2010ರ ಕಾನೂನಿನ ಪ್ರಕಾರ ಅಂಥ ಸಂಸ್ಥೆಗೆ ಅಧಿಕೃತ ಮಾನ್ಯತೆಯೂ ಇರಬೇಕು. ಬೀದಿಗೊಂದು ಭಾಷಾ ಶಾಲೆ ತೆರೆದು ವೀಸಾ ಮಾರುತ್ತಿದ್ದವರಿಗೆ ಕಡಿವಾಣ ಬಿದ್ದದ್ದು ಆಮೇಲೆ. ಇನ್ನು ಆರು ತಿಂಗಳಿಗೆಂದು ಬಿ-2 ವೀಸಾದಲ್ಲಿ ಮಗನ ಮನೆಗೆ ಹೋಗುವ ಅಪ್ಪ ಅಮ್ಮ. ಆ ವೀಸಾದಲ್ಲಿ ಕಾಲೇಜಿನ ವ್ಯಾಸಂಗಕ್ಕೆ ಸೇರುವಂತಿಲ್ಲ. ಅವರಿಗೆ ಊರಿನ ಲೈಬ್ರರಿಯಲ್ಲಿ ಸ್ವಯಂಸೇವಕರು ನಡೆಸುವ ಮಾತುಕತೆಯ ಗುಂಪುಗಳೇ ಸರಿ. ನನ್ನ ಕೇಳಿದರೆ ಎಪ್ಪತ್ತರ ವಯಸ್ಸಿನಲ್ಲಿ ಕ್ರೆಡಿಟ್ಟಿಗಿಂತ ಅದೇ ಮೇಲು. ಚೀನಾದ ಅಜ್ಜ, ಇರಾನಿನ ಅಜ್ಜಿಯ ಪರಿಚಯವಾದರೂ ಆಗುತ್ತದೆ.

ಕಾಲೇಜು ಇಂಥ ಕೆಲಸಕ್ಕೆ ಕೈಹಾಕಿದ್ದು ಹೇಗೆ? ವಲಸಿಗರಿಗೆ ಇಂಗ್ಲಿಷ್ ಹೇಳಿಕೊಡುವುದು ಕ್ಯಾಲಿಫೋರ್ನಿಯಾಕ್ಕೆ ಹೊಸತಲ್ಲ. 1856ರಲ್ಲೇ ಸ್ಯಾನ್ ಫ್ರಾನ್ಸಿಸ್ಕೊದ ಸೇಂಟ್ ಮೇರೀಸ್ ಕ್ಯಾಥೆಡ್ರಲ್ಲಿನ ನೆಲಮಾಳಿಗೆಯಲ್ಲಿ ರಾತ್ರಿ ಶಾಲೆ ಶುರುವಾಗಿತ್ತು. ಆದರೆ ಅದು ಶಾಲೆ. ವಿಶ್ವವಿದ್ಯಾಲಯ ಇದನ್ನೊಂದು ಶಾಸ್ತ್ರವೆಂದು ಕೈಗೆತ್ತಿಕೊಂಡದ್ದು 1941ರಲ್ಲಿ, ಚಾರ್ಲ್ಸ್ ಫ್ರೈಸ್ ಎಂಬ ಭಾಷಾವಿಜ್ಞಾನಿ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಲ್ಯಾಂಗ್ವೇಜ್ ಇನ್‌ಸ್ಟಿಟ್ಯೂಟ್ ಕಟ್ಟಿದಾಗ. ಲ್ಯಾಟಿನ್ ಅಮೆರಿಕದಿಂದ ಬಂದ ವಿದ್ಯಾರ್ಥಿಗಳನ್ನು ಕೂರಿಸಿ ಒಂದೊಂದು ವಾಕ್ಯದ ಅಚ್ಚನ್ನೂ ಬಾಯಿಗೆ ಬರುವತನಕ ಹೇಳಿಸುವುದು ಅವರ ಪದ್ಧತಿ. ತಪ್ಪು ಎಂದರೆ ಕೆಟ್ಟ ಅಭ್ಯಾಸ, ಅದು ಬೇರೂರುವ ಮೊದಲೇ ಕಿತ್ತು ಹಾಕಬೇಕು ಎಂಬುದು ಆ ಕಾಲದ ನಂಬಿಕೆ.

ಆ ನಂಬಿಕೆಯನ್ನು ಅಲ್ಲಾಡಿಸಿದವರಲ್ಲಿ ನನಗೆ ಇಷ್ಟವಾದ ಹೆಸರು ಮೀನಾ ಶಾನೆಸಿ. ಮೀನಾ ಎಂದೊಡನೆ ನಮ್ಮವರೆಂದುಕೊಳ್ಳಬೇಡಿ, ಆಕೆ ಅಮೆರಿಕದ ಸೌತ್ ಡಕೋಟಾದವರು. 1970ರಲ್ಲಿ ನ್ಯೂಯಾರ್ಕಿನ ಸಿಟಿ ಯೂನಿವರ್ಸಿಟಿ ಊರಿನ ಹೈಸ್ಕೂಲು ಮುಗಿಸಿದ ಎಲ್ಲರಿಗೂ ಸೀಟು ಎಂದು ಸಾರಿತು. ಬಡವರ, ಕಪ್ಪುಜನರ, ಪೋರ್ಟೊರಿಕೊದವರ, ವಲಸಿಗರ ಮಕ್ಕಳು ಕಾಲೇಜಿಗೆ ಬಂದರು. ಅವರ ಬರವಣಿಗೆ ನೋಡಿ ಪ್ರೊಫೆಸರುಗಳು ತಲೆ ಚಚ್ಚಿಕೊಂಡರು. ಶಾನೆಸಿ ಚಚ್ಚಿಕೊಳ್ಳಲಿಲ್ಲ, ಸುಮಾರು 4,000 ಪ್ರಬಂಧಗಳನ್ನು ಮುಂದಿಟ್ಟುಕೊಂಡು ಓದಿದರು. 1977ರಲ್ಲಿ 'ಎರರ್ಸ್ ಆ್ಯಂಡ್ ಎಕ್ಸ್‌ಪೆಕ್ಟೇಶನ್ಸ್' ಎಂಬ ಪುಸ್ತಕ ಬಂತು. ಅದರ ವಾದ ಸರಳ: ಈ ತಪ್ಪುಗಳು ಸೋಮಾರಿತನದಿಂದ ಹುಟ್ಟಿದವಲ್ಲ, ಒಂದೊಂದರ ಹಿಂದೆಯೂ ತರ್ಕವಿದೆ, ಮೇಷ್ಟ್ರು ಮೊದಲು ಅದನ್ನು ಕಲಿಯಬೇಕು. ಮರುವರ್ಷವೇ ಅವರು ತೀರಿಕೊಂಡರು.

ತರ್ಕ ಎಂದರೇನು ಎಂಬುದಕ್ಕೆ ನ್ಯೂಯಾರ್ಕಿಗೆ ಹೋಗಬೇಕಿಲ್ಲ. 'ನಿನ್ನೆ ನಾವು ನೋಡಿದ ಮನೆಯ ಬಾಡಿಗೆ ಜಾಸ್ತಿ' ಎನ್ನುವಾಗ ಕನ್ನಡದಲ್ಲಿ ವಿವರಣೆಯೆಲ್ಲ ಮೊದಲು, ಮನೆ ಆಮೇಲೆ. ಇಂಗ್ಲಿಷಿನಲ್ಲಿ ಮನೆಯನ್ನು ಮೊದಲು ಹೇಳಿ, 'ದಟ್' ಎಂದು ಕೊಂಡಿ ಹಾಕಿ, ಅದರ ಬಾಲಕ್ಕೆ ವಿವರಣೆ ಕಟ್ಟಬೇಕು. ಬರೆಯುವಾಗ ಯೋಚಿಸಲು ಸಮಯವಿರುತ್ತದೆ. ಮಾತಿನ ಓಟದಲ್ಲಿ ಬಾಯಿ ತೆರೆದವರಿಗೆ ಮೊದಲು ಬರುವುದು ವಿವರಣೆ, ಅದನ್ನು ಎಲ್ಲಿ ಇಡುವುದೆಂದು ತಿಳಿಯದೆ ಮಾತು ನಿಂತುಬಿಡುತ್ತದೆ. ಇದಕ್ಕೆ ಹೆದರಿ ಏನು ಮಾಡುತ್ತೇವೆ? ವಾಕ್ಯವನ್ನು ಎರಡು ತುಂಡು ಮಾಡುತ್ತೇವೆ: ನಿನ್ನೆ ಮನೆ ನೋಡಿದೆವು, ಅದರ ಬಾಡಿಗೆ ಜಾಸ್ತಿ. ತಪ್ಪೇನಿಲ್ಲ. ಆದರೆ ನಾಲ್ಕು ಪುಟದ ಪ್ರಬಂಧವೆಲ್ಲ ಹೀಗೇ ತುಂಡು ತುಂಡಾಗಿದ್ದರೆ ಓದುವವರಿಗೆ ಮಗು ಬರೆದಂತೆ ಕಾಣುತ್ತದೆ. 1974ರಲ್ಲಿ ಜಾಕ್ವೆಲಿನ್ ಶಾಕ್ಟರ್ ಎಂಬ ಸಂಶೋಧಕಿ ಇದನ್ನೇ ಹಿಡಿದು ತೋರಿಸಿದರು. ಈ ಬಗೆಯ ವಾಕ್ಯದಲ್ಲಿ ಪರ್ಷಿಯನ್, ಅರಬ್ಬೀ ವಿದ್ಯಾರ್ಥಿಗಳ ತಪ್ಪು ಹೆಚ್ಚು, ಜಪಾನೀ, ಚೀನೀ ವಿದ್ಯಾರ್ಥಿಗಳ ತಪ್ಪು ಕಡಿಮೆ. ಕಾರಣ, ಈ ಎರಡನೆಯವರು ಅಂಥ ವಾಕ್ಯದ ಗೋಜಿಗೇ ಹೋಗಿರಲಿಲ್ಲ! ಜಪಾನೀ ಭಾಷೆಯಲ್ಲೂ ನಮ್ಮಂತೆ ವಿವರಣೆ ಮೊದಲು. ಕೆಂಪು ಶಾಯಿಯ ಗುರುತು ಎಣಿಸಿ ಅಂಕ ಕೊಡುವ ಮೇಷ್ಟ್ರಿಗೆ, ಹೆದರಿ ಬಿಟ್ಟದ್ದು ಎಂದೂ ಕಾಣುವುದಿಲ್ಲ.

ಇನ್ನೊಂದು ವಿಂಗಡಣೆ ನಮ್ಮವರಿಗೆ ಹೇಳಿ ಮಾಡಿಸಿದಂತಿದೆ. ಇ.ಎಸ್.ಎಲ್. ತರಗತಿಗೆ ಬರುವವರಲ್ಲಿ ಕಣ್ಣಿನಿಂದ ಕಲಿತವರು, ಕಿವಿಯಿಂದ ಕಲಿತವರು ಎಂದು ಎರಡು ಬಗೆ ಎಂದು ಜಾಯ್ ರೀಡ್ ಎಂಬ ಅಧ್ಯಾಪಕಿ ಬರೆದಿದ್ದಾರೆ. ಕಿವಿಯಿಂದ ಕಲಿತವರು ಹತ್ತು-ಹನ್ನೆರಡರ ವಯಸ್ಸಿನಲ್ಲಿ ಬಂದು ಅಲ್ಲಿನ ಶಾಲೆಯಲ್ಲಿ ಬೆಳೆದ ಹುಡುಗರು. ಮಾತು ಅರಳು ಹುರಿದಂತೆ, ಬರೆಯಲು ಕೂತರೆ ಕೇಳಿದ್ದನ್ನು ಕೇಳಿದ ಹಾಗೇ ಬರೆಯುತ್ತಾರೆ, ವ್ಯಾಕರಣದ ಹೆಸರು ಹೇಳಿದರೆ ಕಕ್ಕಾಬಿಕ್ಕಿ. ಕಣ್ಣಿನಿಂದ ಕಲಿತವರು ತಮ್ಮ ದೇಶದಲ್ಲಿ ಪುಸ್ತಕದಿಂದ ಓದಿ ಬಂದವರು. ನಮ್ಮ ಪದವೀಧರೆ ಈ ಸಾಲಿನವಳು. ಆ್ಯಕ್ಟಿವ್ ವಾಯ್ಸನ್ನು ಪ್ಯಾಸಿವ್ ಮಾಡು ಎಂದರೆ ಕ್ಷಣದಲ್ಲಿ ಮಾಡಿಯಾಳು, ಅಂಗಡಿಯಲ್ಲಿ ಸಾಮಾನು ಹಿಂದಿರುಗಿಸುವ ಮಾತಿಗೆ ತಡಕಾಡುತ್ತಾಳೆ. ಜೊತೆಗೆ ಒತ್ತಿನ ತೊಂದರೆ. 'ಫೋಟೊಗ್ರಾಫ್' ಎನ್ನುವಾಗ ಮೊದಲ ಭಾಗವನ್ನು ಒತ್ತಬೇಕು, 'ಫೋಟೊಗ್ರಫಿ' ಎನ್ನುವಾಗ ಎರಡನೆಯದನ್ನು, 'ಫೋಟೊಗ್ರಾಫಿಕ್' ಎನ್ನುವಾಗ ಮೂರನೆಯದನ್ನು. ಕನ್ನಡದಲ್ಲಿ ಎಲ್ಲ ಅಕ್ಷರಕ್ಕೂ ಹೆಚ್ಚುಕಡಿಮೆ ಸಮಾನ ಮರ್ಯಾದೆ. ಅದೇ ಸಮತೆಯಿಂದ ಇಂಗ್ಲಿಷ್ ಮಾತಾಡಿದರೆ ವ್ಯಾಕರಣ ಸರಿಯಿದ್ದೂ ಎದುರಿನವರು 'ಏನಂದಿರಿ?' ಎನ್ನುತ್ತಾರೆ. ಒಳ್ಳೆಯ ಕಾಲೇಜು ಈ ಎರಡು ಬಗೆಯ ಕಲಿಕೆಯವರನ್ನೂ ಒಂದೇ ತರಗತಿಯಲ್ಲಿ ಕೂರಿಸಿ ಒಂದೇ ಪಾಠ ಮಾಡುವುದಿಲ್ಲ.

ಉಚ್ಚಾರಣೆಯ ಪ್ರಶ್ನೆ ಎಂ.ಎಸ್., ಪಿಎಚ್.ಡಿ. ಮಾಡಲು ಹೋದ ನಮ್ಮ ಹುಡುಗರನ್ನೂ ಬಿಟ್ಟಿಲ್ಲ. ಟೀಚಿಂಗ್ ಅಸಿಸ್ಟೆಂಟ್ ಕೆಲಸ ಸಿಕ್ಕರೆ ಫೀಸು ಮಾಫಿಯಾಗುತ್ತದೆ. ಆದರೆ ಪೆನ್ಸಿಲ್ವೇನಿಯಾದಂಥ ಹಲವು ರಾಜ್ಯಗಳು ಕಾಲೇಜಿನಲ್ಲಿ ಪಾಠ ಹೇಳುವವರ ಇಂಗ್ಲಿಷ್ ಪರೀಕ್ಷಿಸಬೇಕೆಂದು ಕಾನೂನನ್ನೇ ಮಾಡಿವೆ. ಪೆನ್ಸಿಲ್ವೇನಿಯಾದ್ದು 1990ರದು. ಮಾತಿನ ಪರೀಕ್ಷೆಯಲ್ಲಿ ಹಿಂದೆ ಬಿದ್ದವರಿಗೆ ವಿಶ್ವವಿದ್ಯಾಲಯವೇ ಒಂದು ಸೆಮಿಸ್ಟರ್ ತರಬೇತಿ ಕೊಡುತ್ತದೆ. ರ‍್ಯಾಂಕ್ ಪಡೆದು ಹೋದವರಿಗೆ ಅದು ಅವಮಾನವೆನ್ನಿಸುತ್ತದೆ. ಮೊದಲ ವರ್ಷದ ಅಮೆರಿಕನ್ ಹುಡುಗರ ಮುಂದೆ ನಿಂತು ಲ್ಯಾಬ್ ನಡೆಸಿದ ಮೇಲೆ ಅನ್ನಿಸುವುದಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ಇ.ಎಸ್.ಎಲ್. ಕೋರ್ಸುಗಳ ದೊಡ್ಡ ತೊಂದರೆ ಪಾಠದ ಗುಣಮಟ್ಟದಲ್ಲಿರಲಿಲ್ಲ, ಮೆಟ್ಟಿಲುಗಳ ಸಂಖ್ಯೆಯಲ್ಲಿತ್ತು. ಹೊಸದಾಗಿ ಬಂದವರಿಗೆ ಕಾಲೇಜು ಒಂದು ಪರೀಕ್ಷೆ ಕೊಡುತ್ತಿತ್ತು, ಹೆಚ್ಚಾಗಿ ಬಹು ಆಯ್ಕೆಯ ಪ್ರಶ್ನೆಗಳು. ಅದರಲ್ಲಿ ಬಂದ ಅಂಕ ನೋಡಿ ಇಂತಿಂಥ ಹಂತ ಎಂದು ಗೊತ್ತು ಮಾಡುತ್ತಿದ್ದರು. ನಾಲ್ಕು, ಐದು, ಕೆಲವೆಡೆ ಇನ್ನೂ ಹೆಚ್ಚು ಹಂತಗಳು. ಪ್ರತಿ ಹಂತದಲ್ಲೂ ಓದಿಗೆ ಒಂದು ತರಗತಿ, ಬರವಣಿಗೆಗೆ ಇನ್ನೊಂದು, ಮಾತಿಗೆ ಮತ್ತೊಂದು. ಇದೆಲ್ಲ ದಾಟಿದ ಮೇಲೆಯೇ ಪದವಿಗೆ ಲೆಕ್ಕಕ್ಕೆ ಬರುವ ಮೊದಲ ವರ್ಷದ ಇಂಗ್ಲಿಷ್. ಈಚಿನವರೆಗೆ ಅದಕ್ಕೆ 'ಇಂಗ್ಲಿಷ್ 1ಎ' ಎನ್ನುತ್ತಿದ್ದ ಕಾಲೇಜುಗಳು ಹಲವು, ರಾಜ್ಯಕ್ಕೆಲ್ಲ ಒಂದೇ ಸಂಖ್ಯೆ ಮಾಡಿ ಈಗ 'ಇಂಗ್ಲಿಷ್ ಸಿ1000' ಎನ್ನುತ್ತಾರೆ.

ಒಂದು ಲೆಕ್ಕ ಹಾಕಿ ನೋಡಿ. ನಾಲ್ಕು ಹಂತದ ಕೆಳಗಿನ ಮೆಟ್ಟಿಲಲ್ಲಿ ನೂರು ಜನ ಸೇರಿದರು ಎನ್ನೋಣ. ಪ್ರತಿ ಹಂತದಲ್ಲೂ ನೂರಕ್ಕೆ ಎಂಬತ್ತು ಪಾಸು, ಒಳ್ಳೆಯ ಫಲಿತಾಂಶವೇ. ಪಾಸಾದವರಲ್ಲಿ ನೂರಕ್ಕೆ ಎಂಬತ್ತು ಮಂದಿ ಮುಂದಿನ ಹಂತಕ್ಕೆ ಹೆಸರು ಹಚ್ಚಿದರು, ಅದೂ ಒಳ್ಳೆಯದೇ. ಮೊದಲ ಹಂತದಲ್ಲಿ 80 ಪಾಸು, ಎರಡಕ್ಕೆ ಹೋದವರು 64. ಅವರಲ್ಲಿ 51 ಪಾಸು, ಮೂರಕ್ಕೆ ಹೋದವರು 41. ಪಾಸಾದವರು 33, ನಾಲ್ಕಕ್ಕೆ 26, ಪಾಸು 21. ಅದರ ಮೇಲಿನ ನಿಜವಾದ ಕಾಲೇಜು ಇಂಗ್ಲಿಷಿಗೆ 17 ಮಂದಿ ಸೇರಿ 13 ಮಂದಿ ಪಾಸಾಗುತ್ತಾರೆ. ಯಾವ ತರಗತಿಯಲ್ಲೂ ಅನಾಹುತ ಆಗಿಲ್ಲ, ಯಾವ ಮೇಷ್ಟ್ರೂ ಕೆಟ್ಟದಾಗಿ ಪಾಠ ಮಾಡಿಲ್ಲ. ಆದರೂ 87 ಮಂದಿ ನಡುವೆ ಎಲ್ಲೋ ಇಳಿದುಹೋದರು. ಇದೇ ಲೆಕ್ಕವನ್ನು ಎರಡೇ ಹಂತ ಇಟ್ಟು ಮಾಡಿದರೆ ಕೊನೆಗೆ 13ರ ಜಾಗದಲ್ಲಿ 33 ಉಳಿಯುತ್ತಾರೆ. ಪಾಠ ಒಂದು ಚೂರೂ ಬದಲಾಗದೆ!

ಇಳಿದುಹೋಗುವುದಕ್ಕೆ ಕಾರಣಗಳು ಭಾಷೆಗೆ ಸಂಬಂಧಪಟ್ಟವೇ ಅಲ್ಲ. ಗಂಡನಿಗೆ ಬೇರೆ ಊರಿಗೆ ಕೆಲಸ ಬದಲಾಯಿತು, ಎರಡನೇ ಮಗು ಹುಟ್ಟಿತು, ಸಂಜೆಯ ಪಾಳಿ ಬಂತು. ಎರಡು ಸೆಮಿಸ್ಟರಿನ ನಡುವಿನ ರಜೆಯಲ್ಲಿ ಬದುಕು ಮಾಡುವ ತಕರಾರುಗಳು ಇವು. ಹಂತ ಹೆಚ್ಚಿದಷ್ಟೂ ರಜೆಗಳು ಹೆಚ್ಚು.

ಕ್ಯಾಲಿಫೋರ್ನಿಯಾ ಶಾಸನಸಭೆಗೆ ಈ ಗಣಿತ ಅರ್ಥವಾದದ್ದು 2017ರಲ್ಲಿ. ಎಬಿ 705 ಎಂಬ ಮಸೂದೆಗೆ ಗವರ್ನರ್ ಜೆರ್ರಿ ಬ್ರೌನ್ ಸಹಿ ಹಾಕಿದರು, 2018ರ ಜನವರಿಯಿಂದ ಜಾರಿಗೆ ಬಂತು. ಸಾಮಾನ್ಯ ವಿದ್ಯಾರ್ಥಿಗಳು ಒಂದು ವರ್ಷದೊಳಗೆ ಕಾಲೇಜು ಮಟ್ಟದ ಇಂಗ್ಲಿಷನ್ನೂ ಗಣಿತವನ್ನೂ ಮುಗಿಸಲು ಹೆಚ್ಚಿನ ಸಾಧ್ಯತೆ ಇರುವ ಕಡೆ ಅವರನ್ನು ಸೇರಿಸಬೇಕು, ಇ.ಎಸ್.ಎಲ್. ಕ್ರೆಡಿಟ್ ವಿದ್ಯಾರ್ಥಿಗಳಿಗೆ ಇಂಗ್ಲಿಷಿನ ಗಡುವು ಮೂರು ವರ್ಷ. ಗಡುವನ್ನು ಕಾಲೇಜಿನ ಕೊರಳಿಗೆ ಕಟ್ಟಿದ್ದಾರೆ, ವಿದ್ಯಾರ್ಥಿಯ ಕೊರಳಿಗಲ್ಲ. ಈ ಕಾನೂನಿನಲ್ಲಿ ನನಗೆ ಮೆಚ್ಚಿಗೆಯಾದದ್ದು ಅದೇ. 2019ರಲ್ಲಿ ಪಬ್ಲಿಕ್ ಪಾಲಿಸಿ ಇನ್‌ಸ್ಟಿಟ್ಯೂಟ್ ಆಫ್ ಕ್ಯಾಲಿಫೋರ್ನಿಯಾ ಪ್ರಕಟಿಸಿದ ವರದಿಯೂ ಇದೇ ದಾರಿ ತೋರಿಸಿತು: ಓದು, ಬರಹ, ಮಾತನ್ನು ಬೇರೆ ಬೇರೆ ಮಾಡದೆ ಒಟ್ಟಿಗೆ ಕಲಿಸುವ ಕಡೆ, ಮೇಲಿನ ಹಂತದ ಇ.ಎಸ್.ಎಲ್.ಗೇ ಪದವಿಯ ಮಾನ್ಯತೆ ಇರುವ ಕಡೆ ಗುರಿ ಮುಟ್ಟುವವರು ಹೆಚ್ಚು. ಅನೇಕ ಕಾಲೇಜುಗಳು ಹಂತ ಕಡಿಮೆ ಮಾಡಿದವು. ಪ್ರವೇಶ ಪರೀಕ್ಷೆಯ ಬದಲು ವಿದ್ಯಾರ್ಥಿಗೇ ಪಾಠದ ಮಾದರಿಗಳನ್ನು ತೋರಿಸಿ, 'ಇದು ಓದಿದರೆ ಅರ್ಥವಾಗುತ್ತದೆಯೇ, ಇಷ್ಟು ಬರೆಯಬಲ್ಲಿರಾ' ಎಂದು ಕೇಳಿ ಹಂತವನ್ನು ಆತನೇ ಆರಿಸಿಕೊಳ್ಳುವಂತೆ ಮಾಡಿದವು.

ಎಲ್ಲ ಮೇಷ್ಟ್ರುಗಳೂ ಇದನ್ನು ಒಪ್ಪಲಿಲ್ಲ, ಅವರ ಮಾತನ್ನು ತಳ್ಳಿಹಾಕುವಂತೆಯೂ ಇಲ್ಲ. ಭಾಷೆ ಗಣಿತವಲ್ಲ, ಅದಕ್ಕೆ ಕಾಲ ಬೇಕು ಎನ್ನುತ್ತಾರೆ ಅವರು. ಕೆನಡಾದ ಜಿಮ್ ಕಮಿನ್ಸ್ 1979ರಲ್ಲಿ ಮಾಡಿದ ವಿಂಗಡಣೆಯನ್ನು ಇಂದಿಗೂ ಎಲ್ಲರೂ ಉಲ್ಲೇಖಿಸುತ್ತಾರೆ: ಅಂಗಡಿ ಬೀದಿಯ ಮಾತುಕತೆಯ ಭಾಷೆ ಬೇರೆ, ಪಠ್ಯಪುಸ್ತಕದ ಭಾಷೆ ಬೇರೆ. ವಲಸೆ ಬಂದ ಮಕ್ಕಳಿಗೆ ಮೊದಲನೆಯದು ಎರಡು ವರ್ಷದಲ್ಲಿ ದಕ್ಕೀತು, ಎರಡನೆಯದಕ್ಕೆ ಐದರಿಂದ ಏಳು ವರ್ಷ ಹಿಡಿಯುತ್ತದೆ. ಹಾಗಿರುವಾಗ ಅಕ್ಷರವೇ ಬೇರೆಯಾದ ಭಾಷೆಯಿಂದ ಬಂದ, ತನ್ನ ದೇಶದಲ್ಲಿ ಆರನೇ ತರಗತಿಗೆ ಶಾಲೆ ಬಿಟ್ಟ ಐವತ್ತರ ಹೆಂಗಸನ್ನು ಮೂರು ವರ್ಷದ ಗಡುವಿಗೆ ಸಿಕ್ಕಿಸುವುದು ಸರಿಯೇ? ಸರಿಯಲ್ಲ. ಆಕೆಗೆ ಬೇಕಿರುವುದು ಪುಕ್ಕಟೆಯ, ಅವಸರವಿಲ್ಲದ ನಾನ್-ಕ್ರೆಡಿಟ್ ತರಗತಿ. ಆದರೆ ಕಮಿನ್ಸ್ ಹೇಳಿದ ಐದರಿಂದ ಏಳು ವರ್ಷದಲ್ಲಿ ಮಕ್ಕಳು ಬರೀ ಇಂಗ್ಲಿಷ್ ಕಲಿಯುತ್ತ ಕೂತಿರಲಿಲ್ಲ. ವಿಜ್ಞಾನ, ಚರಿತ್ರೆ, ಲೆಕ್ಕ ಕಲಿಯುತ್ತಲೇ ಭಾಷೆಯನ್ನೂ ಕಲಿತರು. ಪಠ್ಯಪುಸ್ತಕದ ಭಾಷೆ ಪಠ್ಯಪುಸ್ತಕ ಓದದೆ ಬರುವುದು ಹೇಗೆ?

ಇದಕ್ಕೆ ಬಹಳ ಜಾಣ ಉತ್ತರ ಸಿಕ್ಕಿರುವುದು ಉತ್ತರದಲ್ಲಿ, ಬೋಯಿಂಗ್, ಮೈಕ್ರೋಸಾಫ್ಟ್ ಬೆಳೆದ ವಾಷಿಂಗ್ಟನ್ ರಾಜ್ಯದಲ್ಲಿ. ಅಲ್ಲಿನ ಕಮ್ಯುನಿಟಿ ಕಾಲೇಜುಗಳು 2004ರಲ್ಲಿ ಐ-ಬೆಸ್ಟ್ ಎಂಬ ಪ್ರಯೋಗ ಶುರುಮಾಡಿದವು. ಒಂದೇ ತರಗತಿಯಲ್ಲಿ ಇಬ್ಬರು ಮೇಷ್ಟ್ರು. ಒಬ್ಬರು ನರ್ಸಿಂಗ್ ಸಹಾಯಕರ ಕೆಲಸವನ್ನೋ ವೆಲ್ಡಿಂಗನ್ನೋ ಕಲಿಸುವವರು, ಇನ್ನೊಬ್ಬರು ಭಾಷೆಯವರು. ರೋಗಿಯ ನಾಡಿ, ಉಸಿರಾಟ, ರಕ್ತದೊತ್ತಡ ಬರೆದಿಡುವುದನ್ನು ಮೊದಲನೆಯವರು ಹೇಳಿಕೊಟ್ಟರೆ, ಪಾಳಿ ಬದಲಾಗುವಾಗ ಅದನ್ನೇ ಮುಂದಿನ ನರ್ಸಿಗೆ ಬಾಯಲ್ಲಿ ಒಪ್ಪಿಸುವುದನ್ನು ಎರಡನೆಯವರು ಅಲ್ಲೇ ರೂಢಿ ಮಾಡಿಸುತ್ತಾರೆ. ಭೂತಕಾಲದ ಕ್ರಿಯಾಪದ ಬೇಕಾದ್ದು 'ಬೆಳಿಗ್ಗೆ ಆರಕ್ಕೆ ಜ್ವರ ಇತ್ತು, ಈಗ ಇಲ್ಲ' ಎನ್ನಲಿಕ್ಕೆ. ಅಷ್ಟು ಸ್ಪಷ್ಟವಾದ ಕಾರಣ ಇದ್ದರೆ ಕ್ರಿಯಾಪದ ತಲೆಗೆ ಹತ್ತದೆ ಏನು ಮಾಡೀತು? ಇಂಗ್ಲಿಷ್ ಮುಗಿಸಿ ಆಮೇಲೆ ಕೆಲಸ ಕಲಿಯಿರಿ ಎನ್ನುವ ಮೆಟ್ಟಿಲೇ ಅಲ್ಲಿಲ್ಲ. ಇಬ್ಬರಿಗೆ ಸಂಬಳ ಕೊಡಬೇಕಾದ್ದರಿಂದ ಖರ್ಚು ಹೆಚ್ಚು. ಆದರೂ ಸಂಶೋಧಕರು ಲೆಕ್ಕ ತೆಗೆದಾಗ, ಅದೇ ಬಗೆಯ ಬೇರೆ ವಿದ್ಯಾರ್ಥಿಗಳಿಗಿಂತ ಇವರು ಹೆಚ್ಚು ಕ್ರೆಡಿಟ್ಟುಗಳನ್ನೂ ಸರ್ಟಿಫಿಕೇಟುಗಳನ್ನೂ ಗಳಿಸಿದ್ದು ಕಂಡಿತು. ಬೇರೆ ರಾಜ್ಯಗಳೂ ಈ ಮಾದರಿಯನ್ನು ಎತ್ತಿಕೊಂಡಿವೆ.

ಕೆಲಸದ ನಡುವೆ ಭಾಷೆ ತಾನಾಗಿ ಬರುತ್ತದೆ ಎಂಬ ಈ ಮಾತನ್ನು ಅಮೆರಿಕದವರಿಗಿಂತ ಮೊದಲೇ, ಅವರಿಗಿಂತ ಸ್ಪಷ್ಟವಾಗಿ ಪ್ರಯೋಗ ಮಾಡಿ ನೋಡಿದ ಊರು ಬೆಂಗಳೂರು. ಇ.ಎಸ್.ಎಲ್. ಮೇಷ್ಟ್ರಾಗಲು ಓದುವ ಜಗತ್ತಿನ ಬಹುಪಾಲು ವಿದ್ಯಾರ್ಥಿಗಳು 'ಬ್ಯಾಂಗಲೋರ್ ಪ್ರಾಜೆಕ್ಟ್' ಎಂಬ ಹೆಸರು ಕೇಳಿರುತ್ತಾರೆ. ಬೆಂಗಳೂರಿನವರು ಕೇಳಿರುವುದಿಲ್ಲ. ಅದನ್ನು ರೂಪಿಸಿದ ಎನ್.ಎಸ್. ಪ್ರಭು ಆಗ ಮದ್ರಾಸಿನ ಬ್ರಿಟಿಷ್ ಕೌನ್ಸಿಲಿನಲ್ಲಿದ್ದರು. ನಮ್ಮ ಶಾಲೆಗಳಲ್ಲಿ ಆಗ ನಡೆಯುತ್ತಿದ್ದದ್ದು ಫ್ರೈಸ್ ಕಾಲದ್ದೇ ಬಗೆಯ ಪದ್ಧತಿ: ಮೇಷ್ಟ್ರು ಪೆನ್ನು ಎತ್ತಿ ಹಿಡಿದು 'ದಿಸ್ ಈಸ್ ಎ ಪೆನ್' ಎನ್ನುವುದು, ಮಕ್ಕಳೆಲ್ಲ ಒಕ್ಕೊರಲಿನಿಂದ ಹೇಳುವುದು. ಅದು ಪೆನ್ನು ಎಂಬುದರಲ್ಲಿ ಯಾರಿಗೂ ಸಂಶಯ ಇರಲಿಲ್ಲವಾದ್ದರಿಂದ ಆ ವಾಕ್ಯ ಹೇಳುವ ಅಗತ್ಯವೂ ಯಾರಿಗೂ ಇರಲಿಲ್ಲ. 1979ರಿಂದ ಐದು ವರ್ಷ, ಬೆಂಗಳೂರಿನ ರೀಜನಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷಿನ ಸಹಕಾರದೊಂದಿಗೆ ಪ್ರಭು ಮತ್ತು ಸಂಗಡಿಗರು ದಕ್ಷಿಣ ಭಾರತದ ಕೆಲವು ಸಾಮಾನ್ಯ ಶಾಲೆಗಳಲ್ಲಿ ವ್ಯಾಕರಣದ ಪಾಠಪಟ್ಟಿಯನ್ನೇ ಬದಿಗಿಟ್ಟರು. ರೈಲಿನ ವೇಳಾಪಟ್ಟಿ ಕೊಟ್ಟು, ಇಂಥ ಊರಿಗೆ ಇಷ್ಟು ಹೊತ್ತಿಗೆ ತಲುಪಬೇಕಾದರೆ ಯಾವ ಗಾಡಿ ಹತ್ತಬೇಕು ಎಂದು ಕೇಳಿದರು. ನಕ್ಷೆ ಕೊಟ್ಟು ದಾರಿ ಕೇಳಿದರು. ಮಕ್ಕಳ ಗಮನ ಉತ್ತರದ ಮೇಲೆ, ಇಂಗ್ಲಿಷ್ ಅದರ ಜೊತೆಗೆ ಹರಿದುಬರುತ್ತಿತ್ತು. ಸ್ಕಾಟ್ಲೆಂಡಿನಿಂದ ಬಂದ ಮೌಲ್ಯಮಾಪಕರ ಪರೀಕ್ಷೆಯ ಫಲಿತಾಂಶ ಒಟ್ಟಾರೆ ಯೋಜನೆಯ ಪರವಾಗಿತ್ತು, ಅದರ ಬಗೆಗಿನ ಜಗಳ ಇನ್ನೂ ಮುಗಿದಿಲ್ಲ. ಪ್ರಭು 1987ರಲ್ಲಿ ಬರೆದ 'ಸೆಕೆಂಡ್ ಲ್ಯಾಂಗ್ವೇಜ್ ಪೆಡಗಾಜಿ' ಈ ಕ್ಷೇತ್ರದ ಪ್ರಮುಖ ಪುಸ್ತಕಗಳಲ್ಲೊಂದು. ಇಂದು ಕಮ್ಯುನಿಟಿ ಕಾಲೇಜಿನ ತರಗತಿಯಲ್ಲಿ ಬಸ್ಸಿನ ವೇಳಾಪಟ್ಟಿ ಹರಡಿಕೊಂಡು ಇಬ್ಬಿಬ್ಬರು ಕೂತು ಲೆಕ್ಕ ಹಾಕುತ್ತಿದ್ದರೆ, ಅದರ ಹಿಂದಿನ ವಿಚಾರದಲ್ಲಿ ನಮ್ಮ ಸರ್ಕಾರಿ ಶಾಲೆಯ ಮಕ್ಕಳದೂ ಪಾಲಿದೆ.

ಆ ಪ್ರಯೋಗ ನಮ್ಮ ಪದವಿ ಕಾಲೇಜಿನ ಬಾಗಿಲು ಮಾತ್ರ ತಟ್ಟಲಿಲ್ಲ. ಪದವಿಯ ಮೊದಲ ನಾಲ್ಕು ಸೆಮಿಸ್ಟರಿನಲ್ಲಿ ಸಾಮಾನ್ಯವಾಗಿ ಇಂಗ್ಲಿಷ್ ಒಂದು ಪತ್ರಿಕೆ. ಕಥೆ, ಕವಿತೆ, ಪ್ರಬಂಧದ ಸಂಕಲನ, ಜೊತೆಗೊಂದಿಷ್ಟು 'ಸಂವಹನ ಕೌಶಲ'. ತರಗತಿಯಲ್ಲಿ ನೂರು ಚಿಲ್ಲರೆ ಜನ. ಕನ್ನಡ ಮಾಧ್ಯಮದಿಂದ ಬಂದ ಹುಡುಗಿಗೆ ಅರ್ಥವಾಗಲೆಂದು ಲೆಕ್ಚರರು ಕವಿತೆಯ ಸಾರಾಂಶವನ್ನು ಕನ್ನಡದಲ್ಲಿ ಹೇಳುತ್ತಾರೆ, ಆಕೆ ಗೈಡಿನ ಉತ್ತರ ಬಾಯಿಪಾಠ ಮಾಡಿ ಇಂಗ್ಲಿಷಿನಲ್ಲಿ ಬರೆದು ಪಾಸಾಗುತ್ತಾಳೆ. 'ಕಣ್ಣಿನಿಂದ ಕಲಿತವರು' ತಯಾರಾಗುವುದು ಹೀಗೆ. ನಮ್ಮ ಇಂಗ್ಲಿಷ್ ವಿಭಾಗಗಳು ಕನ್ನಡಕ್ಕೆ ಮಾಡಿದ ಉಪಕಾರ ದೊಡ್ಡದು. ಅಡಿಗರು, ಲಂಕೇಶ್, ಅನಂತಮೂರ್ತಿ ಮೂವರೂ ಇಂಗ್ಲಿಷ್ ಮೇಷ್ಟ್ರುಗಳೇ. ಹಿಂದಿನ ಬೆಂಚಿನ ಹುಡುಗನ ಇಂಗ್ಲಿಷಿಗೆ ಆ ವಿಭಾಗಗಳು ಅಷ್ಟೇ ಉಪಕಾರ ಮಾಡಿದವು ಎನ್ನಲಾರೆ. ಆತ ಕೊನೆಗೆ ಮೂರು ತಿಂಗಳ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ದುಡ್ಡು ಕಟ್ಟುತ್ತಾನೆ. ಬಯಾಲಜಿ ಲ್ಯಾಬಿನ ವರದಿ ಬರೆಯುವುದನ್ನು, ಕಾಮರ್ಸಿನ ಬ್ಯಾಲೆನ್ಸ್ ಶೀಟನ್ನು ವಿವರಿಸುವುದನ್ನು ಇಂಗ್ಲಿಷ್ ಮೇಷ್ಟ್ರೂ ಆಯಾ ವಿಷಯದ ಮೇಷ್ಟ್ರೂ ಸೇರಿ ಕಲಿಸಲು ಹೊಸ ಕಟ್ಟಡ ಬೇಕಿಲ್ಲ, ವೇಳಾಪಟ್ಟಿಯಲ್ಲಿ ವಾರಕ್ಕೆರಡು ಗಂಟೆ ಸಾಕು. ನೂರು ಜನರನ್ನು ಮೂರು ಗುಂಪು ಮಾಡಲು ಮಾತ್ರ ಮೇಷ್ಟ್ರುಗಳು ಬೇಕು, ಅವರ ನೇಮಕಾತಿಯಾಗಬೇಕು.

ಈ ವರ್ಷ ಕ್ಯಾಲಿಫೋರ್ನಿಯಾದಲ್ಲಿ ಸೇರಬೇಕೆಂದಿರುವವರು ಕಾಲೇಜಿನ ಕೌನ್ಸೆಲರ್ ಹತ್ತಿರ ಕೇಳಬೇಕಾದ್ದು ಇಷ್ಟು. ನನ್ನ ಹಂತದಿಂದ ಇಂಗ್ಲಿಷ್ ಸಿ1000ಕ್ಕೆ ಎಷ್ಟು ಕೋರ್ಸು? ಮೇಲಿನ ಹಂತದ ಇ.ಎಸ್.ಎಲ್. ಕೋರ್ಸನ್ನು ವಿಶ್ವವಿದ್ಯಾಲಯ ಲೆಕ್ಕಕ್ಕೆ ಹಿಡಿಯುತ್ತದೆಯೇ? ಇ.ಎಸ್.ಎಲ್. ಜೊತೆಗೇ ಅಕೌಂಟಿಂಗನ್ನೋ ಶಿಶುಶಿಕ್ಷಣವನ್ನೋ ಓದಬಹುದೇ? ಹಂತ ಆರಿಸಿಕೊಳ್ಳಿ ಎಂದಾಗ ಓದಿನಲ್ಲಿ ಒಂದು ಮೆಟ್ಟಿಲು ಮೇಲಿನದನ್ನೇ ಹಿಡಿಯಿರಿ, 'ಕಣ್ಣಿನಿಂದ ಕಲಿತವರು' ತಮ್ಮನ್ನು ಕಡಿಮೆ ಅಂದಾಜು ಮಾಡಿಕೊಳ್ಳುವುದೇ ಹೆಚ್ಚು. ಉಚ್ಚಾರಣೆಗೆಂದೇ ಬೇರೆ ತರಗತಿ ಇದ್ದರೆ ಅದನ್ನು ಬಿಡಬೇಡಿ. ಒಂದು ವರ್ಷದ ನಿವಾಸ ಇನ್ನೂ ತುಂಬಿಲ್ಲದಿದ್ದರೆ ಅಲ್ಲಿಯತನಕ ಪುಕ್ಕಟೆ ತರಗತಿಗೆ ಹೋಗಿ. ನಾನ್-ಕ್ರೆಡಿಟ್ ತರಗತಿಗಳಲ್ಲಿ ಹಲವಕ್ಕೆ ಸೆಮಿಸ್ಟರಿನ ನಡುವೆಯೂ ಸೇರಿಸಿಕೊಳ್ಳುತ್ತಾರೆ.